ದಿನಕ್ಕೊಂದು ಗೇಣು ಕೌದಿ

(ಗಾದಿಗನೂರಿನ ಸಂಜೆಯ ಸಭೆಯಲ್ಲಿ ಗ್ರಾಮಮಟ್ಟದ ಕಾರ್ಯಕರ್ತರು ಮಾಡಿದ ಭಾಷಣ)



ನಾನು ಮಾತಾಡಲು ನಿಂತೆನೆಂದರೆ ಬೀಜ, ಗೊಬ್ಬರ, ಔಷಧ ಇವುಗಳ ವಿಷಯವೇ ಬರುವುದೆಂದು ನೀವು ತಿಳಿದಿರುತ್ತೀರಿ. ಕೃಷಿ ಡಿಪ್ಲೊಮಾ ಓದಿದ ನನಗೂ ಆ ಮಾತೇ ಸಲೀಸು. ಆದರೆ ಈ ದಿನ ನಾನು ಸೂಜಿ ದಾರದ ವಿಷಯ ಹೇಳಬೇಕೆಂದು ಬಂದಿದ್ದೇನೆ. ನಿಮ್ಮ ನಿಮ್ಮ ಮನೆಯ ಕೌದಿಯ ವಿಷಯ. ಗಂಡಸರು ಯಾರೂ ಎದ್ದು ಹೋಗಬೇಡಿರಿ. ಈ ಮಾತಿನಲ್ಲಿ ಅರ್ಧ ಪಾಲು ನಿಮಗೇ ಸೇರಿದ್ದು.

ಹೋದ ತಿಂಗಳು ಮೆಕ್ಕೆಜೋಳ ಕೊಯ್ದ ಹೊಲಗಳ ಮಣ್ಣಿನ ಮಾದರಿ ತೆಗೆಯಲು ಈ ಭಾಗದ ಒಂದು ಊರಿಗೆ ಹೋಗಿದ್ದೆ. ಮಳೆ ಹನಿಯತೊಡಗಿತು. ಹೊಲದ ಯಜಮಾನರು ಮನೆಗೆ ಕರೆದೊಯ್ದು ಪಡಸಾಲೆಯಲ್ಲಿ ಕೂಡಿಸಿದರು. ಮನೆಯ ತಾಯಿ ಒಂದು ಕೌದಿ ತಂದು ಹಾಸಿದರು. ಹೊಲಿಗೆ ಎಷ್ಟು ಸಾಲಾಗಿತ್ತೆಂದರೆ, ಒಳ್ಳೆಯ ಒಕ್ಕಲಿಗ ಕೂರಿಗೆ ಹೊಡೆದ ಹೊಲದ ಹಾಗೆ ಕಾಣುತ್ತಿತ್ತು.

"ಅವ್ವಾ, ಇದನ್ನು ಹೊಲಿದವರು ಯಾರು?" ಎಂದು ಕೇಳಿದೆ.

"ನಾನಾ, ತಮ್ಮಾ. ಹಳೇ ಅರಿವಿ. ಅದರಾಗ ಏನ್ ನೋಡ್ತಿ ಬಿಡು."

ಯಜಮಾನರು ನಕ್ಕರು. "ಪೆಟ್ಟಿಗ್ಯಾಗ ಇನ್ನೊಂದು ಐತಿ ನೋಡ್ರಿ. ಅರ್ಧಾ ಮಾಡಿ ಇಟ್ಟಾಳ. ಮೂರು ವರ್ಷ ಆತು."

ನಾನು ಒತ್ತಾಯ ಮಾಡಿದ ಮೇಲೆ ಆ ತಾಯಿ ಅದನ್ನು ಹೊರಗೆ ತೆಗೆದರು. ನಾನು ಆವರೆಗೆ ಅಂಥ ಕೌದಿ ನೋಡಿರಲಿಲ್ಲ. ಅದರಲ್ಲಿ ಚೌಕಗಳಿರಲಿಲ್ಲ. ಕಂದು ಬಣ್ಣದ ಉದ್ದುದ್ದ ಪಟ್ಟಿ, ನಡುನಡುವೆ ಹಸಿರು ಪಟ್ಟಿ, ಒಂದು ಮೂಲೆಯಲ್ಲಿ ನೀಲಿಯ ದುಂಡನೆಯ ತುಂಡು. ಅದು ಅವರ ಹೊಲ, ಅವರ ಬಾವಿ. ಬದುವಿನ ಬೇವಿನ ಮರಕ್ಕೆ ಜಾಗ ಬಿಟ್ಟಿದ್ದರು. ಅಲ್ಲಿಗೆ ಕೆಲಸ ನಿಂತಿತ್ತು.

"ಎಲ್ಲಾರೂ ಚೌಕ ಹಾಕ್ತಾರ. ನನಗ ನಮ್ಮ ಹೊಲ ಹಾಕಬೇಕಂತ ಮನಸಾತು. ಕೌದ್ಯಾಗ ಹೊಲ ಯಾರ್ ಹಾಕ್ತಾರ ಅಂತ ಮಗ್ಗಲ ಮನಿಯಾಕಿ ನಕ್ಕಳು. ಮುಂದ ಧೈರ್ಯ ಬರಲಿಲ್ಲ. ಗಿಡಕ್ಕ ನಮ್ಮವ್ವನ ಸೀರಿ ಇಟ್ಟೀನಿ. ಅದನ್ನ ಕತ್ತರಿಸಿ ಕೆಟ್ಟು ಹೋತಂದ್ರ ಮತ್ತ ಎಲ್ಲಿಂದ ತರಲಿ?"

ಸತ್ತುಹೋದ ತಾಯಿಯ ಸೀರೆ ಪೇಟೆಯಲ್ಲಿ ಸಿಗುವುದಿಲ್ಲ. ಅವರ ಅಳುಕು ಸುಳ್ಳಲ್ಲ. ಆದರೆ ಆ ಅಳುಕಿನಿಂದ ಸೀರೆಯೂ ಪೆಟ್ಟಿಗೆಯಲ್ಲಿಯೇ ಉಳಿಯಿತು, ಕೌದಿಯೂ ಪೆಟ್ಟಿಗೆಯಲ್ಲಿಯೇ ಉಳಿಯಿತು. ಅಂಥ ಪೆಟ್ಟಿಗೆ ನಮ್ಮ ಎಷ್ಟು ಮನೆಗಳಲ್ಲಿ ಇಲ್ಲ?

ಅಳುಕಿನ ಮಾತು ನನಗೂ ಹೊಸದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ರೈತರ ಹೊಲದಲ್ಲಿ ತೊಗರಿಯ ಪ್ರಾತ್ಯಕ್ಷಿಕೆ ಮಾಡಿಸಿದೆ. ಬಿತ್ತಿದ ಬೀಜ ಅರ್ಧಕ್ಕರ್ಧ ಏಳಲಿಲ್ಲ. ತಪ್ಪು ನನ್ನದೇ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆಯುತ್ತವೆಂದು ನೋಡುವ ಪರೀಕ್ಷೆಯನ್ನು ನಿಮಗೆಲ್ಲ ಹೇಳಿಕೊಡುವವನು ನಾನು. ಅವಸರದಲ್ಲಿ ನಾನೇ ಅದನ್ನು ಬಿಟ್ಟಿದ್ದೆ. ಎರಡು ತಿಂಗಳು ಆ ರೈತರ ಓಣಿಯಲ್ಲಿ ಕಾಲಿಡಲಿಲ್ಲ. ಈ ಕೆಲಸ ನನ್ನಿಂದಾಗುವುದಲ್ಲ, ಬಿಟ್ಟು ಹೋಗೋಣ ಎಂದುಕೊಂಡೆ.

ಕೊನೆಗೆ ಆ ರೈತರೇ ಬಸ್ ನಿಲ್ದಾಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. "ಯಾಕಪ್ಪಾ, ಮುಖ ತಪ್ಪಿಸ್ತಿ? ಮುಂದಿನ ಸಲ ಮತ್ತ ಹಾಕು. ಎಲ್ಲಾ ಹೊಲ ಕೊಡಂಗಿಲ್ಲ, ಹತ್ತು ಗುಂಟೆ ಕೊಡ್ತೀನಿ" ಎಂದರು. ಆ ಹತ್ತು ಗುಂಟೆಯಲ್ಲಿ ತೊಗರಿ ಎದ್ದಿತು. ಅದರೊಡನೆ ನಾನೂ ಎದ್ದೆ. ಅನುಮಾನ ಬಂದಾಗ ಬಿತ್ತನೆ ಬಿಡಬಾರದು, ಬಿತ್ತುವ ನೆಲದ ಅಳತೆಯನ್ನು ಚಿಕ್ಕದು ಮಾಡಿಕೊಳ್ಳಬೇಕು. ಇದೊಂದು ಮಾತನ್ನೇ ನಾನು ಇಂದು ಕೌದಿಗೂ ಅನ್ವಯಿಸಿ ಹೇಳಬೇಕೆಂದಿದ್ದೇನೆ.

ಅದಕ್ಕೆ ಮೊದಲು, ನಮ್ಮ ಹೆಣ್ಣುಮಕ್ಕಳ ಕೈ ಹಿಡಿದು ನಿಲ್ಲಿಸುವ ಅಳುಕುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, "ಹಳೇ ಅರಿವೆಯ ಕೆಲಸ, ಇದೇನು ಕಲೆ?" ಎಂಬುದು. ಹಳೆಯ ಬಟ್ಟೆಯನ್ನು ಪದರು ಪದರಾಗಿ ಹಾಸಿ ಸಾದಾ ಹೊಲಿಗೆಯಿಂದ ಕೂಡಿಸುವ ಈ ವಿದ್ಯೆ ನಮ್ಮಲ್ಲಿ ಮಾತ್ರವಲ್ಲ, ಮಹಾರಾಷ್ಟ್ರದಲ್ಲಿ ಗೋಧಡಿ, ಬಿಹಾರದಲ್ಲಿ ಸುಜನಿ, ಬಂಗಾಳದಲ್ಲಿ ಕಾಂಥಾ ಎಂಬ ಹೆಸರಿನಿಂದ ಬದುಕಿದೆ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನಾಂಗದ ಹೆಂಗಸರು ಇದನ್ನು ಕವಂದ ಎನ್ನುತ್ತಾರೆ. ಅವರು ಮೂಲೆಯಿಂದ ಆರಂಭಿಸಿ ಅಂಚಿನ ಸುತ್ತ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಫೂಲ ಇಡುತ್ತಾರೆ; ಅದಿಲ್ಲದಿದ್ದರೆ ಕೌದಿ ಬರಿಮೈಯಲ್ಲಿ ಇದ್ದಂತೆ ಎಂಬುದು ಅವರ ಮಾತು. ಕೂಲಿ ಮಾಡಿ ಬದುಕುವ ಆ ತಾಯಂದಿರ ಕೌದಿಗಳನ್ನು 2011ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಶಾಂಬರ್ಗ್ ಕೇಂದ್ರದಲ್ಲಿ ಗೋಡೆಗೆ ತೂಗುಹಾಕಿ ಜನರಿಗೆ ತೋರಿಸಿದರು.

ಅದೇ ಅಮೆರಿಕ ದೇಶದ ಅಲಬಾಮ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿಯ ಹೊಲಗಳಲ್ಲಿ ಗುಲಾಮರಾಗಿ, ಆಮೇಲೆ ಕೋರಿಗೆ ಉಳುವವರಾಗಿ ದುಡಿದ ಕರಿಯ ಜನರ ಊರು ಅದು. 1942ರಲ್ಲಿ ಅಲ್ಲಿಯ ಮಿಸ್ಸೌರಿ ಪೆಟ್ವೇ ಎಂಬ ತಾಯಿ, ಗಂಡ ತೀರಿಕೊಂಡ ಮೇಲೆ ಅವನು ಕೆಲಸಕ್ಕೆ ತೊಡುತ್ತಿದ್ದ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಹೊಲಿದಳು. ಅವನ ನೆನಪನ್ನು ಹೊದ್ದು ಮಲಗಬೇಕೆಂಬುದು ಅವಳ ಆಸೆ. ಆ ಹಳ್ಳಿಯ ಕೌದಿಗಳು 2002ರಿಂದ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳನ್ನು ಸೇರಿದವು. 2006ರಲ್ಲಿ ಅಲ್ಲಿಯ ಸರ್ಕಾರದ ಅಂಚೆಚೀಟಿಯ ಮೇಲೂ ಬಂದವು. ನಾನು ಈ ಕಥೆಯನ್ನು ಪೆಟ್ಟಿಗೆಯ ತಾಯಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಆಕಿನೂ ಕತ್ತರಿ ಹಾಕುವಾಗ ಅಳುಕಿರಬೇಕಲ್ಲ ತಮ್ಮಾ" ಎಂದರು. ಅಳುಕಿರಬಹುದು. ಆದರೂ ಕತ್ತರಿ ಹಾಕಿದಳು.

ದೂರದ ಮಾತು ಬೇಡವೆನ್ನುವಿರಾದರೆ, 12ನೆಯ ಶತಮಾನದ ನಮ್ಮ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು, ಕದಿರ ರೆಮ್ಮವ್ವೆ ಇದ್ದರು. ಸೂಜಿಯನ್ನೂ ನೂಲುವ ಕದಿರನ್ನೂ ತಮ್ಮ ಹೆಸರಿನ ಮುಂದೆ ಬಿರುದಿನಂತೆ ಇಟ್ಟುಕೊಂಡವರು ಅವರು. ಅವರಿಗಿಲ್ಲದ ನಾಚಿಕೆ ನಮಗೇಕೆ?

ಎರಡನೆಯ ಅಳುಕು, "ಅವರ ಕೈಯಂಥ ಕೈ ನಮಗೆಲ್ಲಿಂದ ಬರಬೇಕು?" ಎಂಬುದು. ಇದಕ್ಕೆ ಉತ್ತರ ನಮ್ಮ ಮಗ್ಗುಲ ಸಂಡೂರಿನಲ್ಲಿಯೇ ಇದೆ. ಅಲ್ಲಿಯ ತಾಂಡಾಗಳ ಲಂಬಾಣಿ ಹೆಂಗಸರು ತಾವು ಉಡುವ ಬಟ್ಟೆಗೆ ಕನ್ನಡಿ, ಕವಡೆ, ಬಣ್ಣದ ದಾರದ ಕಸೂತಿ ಹಾಕಿಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಹುಟ್ಟಿದ ಮೇಲೆ ಅದೇ ಕೆಲಸ ಸಂಪಾದನೆಯ ದಾರಿಯಾಯಿತು. ಆ ಕಸೂತಿಯಲ್ಲಿ 14 ಬಗೆಯ ಹೊಲಿಗೆಗಳಿವೆ. ಅವುಗಳಲ್ಲಿ ಒಂದರ ಹೆಸರೇ ಕೌದಿ. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಭೆ ನಡೆದಾಗ, ಈ ಕಸೂತಿಯ 1755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು.

1755 ಎಂದೊಡನೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದರ ಹಿಂದೆ 450ಕ್ಕೂ ಹೆಚ್ಚು ಹೆಂಗಸರ ಕೈಗಳಿದ್ದವು. ಭಾಗಿಸಿ ನೋಡಿರಿ, ಒಬ್ಬೊಬ್ಬರ ಪಾಲಿಗೆ ಬರುವುದು ನಾಲ್ಕಕ್ಕಿಂತ ಕಡಿಮೆ. ದೊಡ್ಡದೆಂದು ಕಾಣುವ ಕೆಲಸವೆಲ್ಲ ಹೀಗೆಯೇ. ಬಿಡಿಸಿದರೆ ಒಬ್ಬರ ಕೈಗೆ ಹಿಡಿಯುವಷ್ಟೇ ಇರುತ್ತದೆ. ಆದುದರಿಂದ ನಿಮ್ಮ ಹೊಲಿಗೆಯನ್ನು ನೆರೆಯವರ ಹೊಲಿಗೆಯ ಪಕ್ಕದಲ್ಲಿಟ್ಟು ನೋಡಬೇಡಿರಿ. ನೀವೇ ಹೋದ ವರ್ಷ ಹೊಲಿದುದರ ಪಕ್ಕದಲ್ಲಿಟ್ಟು ನೋಡಿರಿ.

ಮೂರನೆಯ ಅಳುಕು ಜನರ ನಗೆ. ಹೊಸ ಬೀಜ ತಂದವನನ್ನು ನೋಡಿ ಊರು ಮೊದಲು ನಗುತ್ತದೆ. ಬೆಳೆ ಬಂದ ಮರುವರ್ಷ ಅವನ ಮನೆಗೇ ಬೀಜ ಕೇಳಲು ಹೋಗುತ್ತದೆ. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಸಂಗತಿ ಗಮನಿಸಿರಿ. ದಿನಾ ನಸುಕಿನಲ್ಲಿ ಅಂಗಳ ಸಾರಿಸಿ ರಂಗೋಲಿ ಹಾಕುವ ಕೈಗೆ ಯಾವ ಅಳುಕೂ ಇಲ್ಲ. ಯಾರನ್ನೂ ಕೇಳದೆ ಹೊಸ ಎಳೆ ಎಳೆಯುತ್ತದೆ. ಏಕೆ? ಕೆಟ್ಟರೆ ನಾಳೆ ಅಳಿಸಿ ಬೇರೆ ಹಾಕಬಹುದೆಂದು ಆ ಕೈಗೆ ಗೊತ್ತು. ಕೌದಿಗೂ ಅದೇ ಉಪಾಯ ಮಾಡಿರಿ. ಮನಸ್ಸಿನಲ್ಲಿರುವ ಚಿತ್ರವನ್ನು ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಅದರ ಮೇಲೆ ಬಟ್ಟೆಯ ತುಂಡುಗಳನ್ನು ಸುಮ್ಮನೆ ಹರವಿ, ದೂರ ನಿಂತು ನೋಡಿರಿ. ಸರಿ ಕಾಣದಿದ್ದರೆ ಸರಿಸಿರಿ. ಸರಿ ಕಂಡ ಮೇಲೆ ಕಚ್ಚಾ ಹೊಲಿಗೆ ಹಾಕಿರಿ. ಪಕ್ಕಾ ಹೊಲಿಗೆ ಕೊನೆಗೆ. ಅಪರೂಪದ ಬಟ್ಟೆಯಿದ್ದರೆ ಅದೇ ಅಳತೆಯ ಹಳೆಯ ಪಂಚೆಯ ತುಂಡನ್ನು ಮೊದಲು ಇಟ್ಟು ನೋಡಿರಿ. ತಾಯಿಯ ಸೀರೆಗೆ ಕತ್ತರಿ ಹಾಕುವುದು ಎಲ್ಲಕ್ಕಿಂತ ಕಡೆಯ ಕೆಲಸವಾಗಲಿ.

ನಾಲ್ಕನೆಯದು, "ಹೊತ್ತು ಎಲ್ಲಿದೆ?" ಎಂಬುದು. ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು.

ದೊಡ್ಡ ಕೌದಿಯನ್ನು ಮೂರು ಮೊಳ ಅಗಲ, ನಾಲ್ಕು ಮೊಳ ಉದ್ದ ಎಂದು ಹಿಡಿಯೋಣ. ಮೊಳಕ್ಕೆ ಎರಡು ಗೇಣು. ಅಂದರೆ ಆರು ಗೇಣು ಅಗಲ, ಎಂಟು ಗೇಣು ಉದ್ದ; ಒಟ್ಟು 48 ಗೇಣು ಚೌಕ. ಒಂದು ಗೇಣು ಚೌಕದಲ್ಲಿ ಬೆರಳಗಲ ಬಿಟ್ಟು ಹೊಲಿದರೆ ಸುಮಾರು ಹನ್ನೆರಡು ಸಾಲು ಬರುತ್ತವೆ. ಪಳಗಿದ ಕೈಗೆ ಅದು ಒಂದು ತಾಸಿನ ಕೆಲಸ. ದಿನಕ್ಕೊಂದು ತಾಸು, ಒಂದು ಗೇಣು. 48 ದಿನಕ್ಕೆ ಕೌದಿ.

ಆದರೆ ಮೊದಲ ಸಲವೇ 48ಕ್ಕೆ ಕೈ ಹಾಕಬೇಡಿರಿ. ನಾನು ಹೇಳಿದ ಹತ್ತು ಗುಂಟೆಯ ಮಾತು ನೆನಪಿರಲಿ. ಮೊದಲು ಒಂದು ತೊಟ್ಟಿಲ ಕೌದಿ ಹೊಲಿಯಿರಿ. ಎರಡು ಮೊಳಕ್ಕೆ ಎರಡು ಮೊಳ; ನಾಲ್ಕು ಗೇಣಿಗೆ ನಾಲ್ಕು ಗೇಣು; ಒಟ್ಟು 16. ಈ ದಿನ ತೊಡಗಿದರೆ ಸಂಕ್ರಾಂತಿಯೊಳಗೆ ಮುಗಿಯುತ್ತದೆ. ಅದು ಮುಗಿದ ಮೇಲೆ ದೊಡ್ಡದನ್ನು ಹಿಡಿದರೆ, ನಡುವೆ ಹಿಂಗಾರಿ ಜೋಳದ ಸುಗ್ಗಿಗೆ ಬಿಡುವು ಕೊಟ್ಟರೂ ಯುಗಾದಿಗೆ ಹೊಸ ಕೌದಿ ಹಾಸಬಹುದು.

ಗುರಿ ಇಟ್ಟುಕೊಳ್ಳುವುದಕ್ಕೆ ಮೂರು ಕಟ್ಟುಗಳಿವೆ. ಒಂದು, ಅಳತೆ: ಎಷ್ಟು ಗೇಣು ಎಂದು ಮೊದಲೇ ಹೇಳಿಕೊಳ್ಳಬೇಕು. ಎರಡು, ಗಡುವು: ಯಾವ ಹಬ್ಬಕ್ಕೆ, ಯಾರಿಗಾಗಿ ಎಂಬುದು ಗೊತ್ತಿರಬೇಕು. ಮೂರು, ಹೊಸತು: ಒಂದೊಂದು ಕೌದಿಯಲ್ಲಿ ನೀವು ಹಿಂದೆ ಮಾಡದ ಒಂದು ಸಂಗತಿ ಇರಬೇಕು. ಅದು ಬಣ್ಣದ ಜೋಡಣೆಯಾಗಲಿ, ಅಂಚಿನ ತ್ರಿಕೋಣವಾಗಲಿ, ನಿಮ್ಮ ಹೊಲದ ಚಿತ್ರವೇ ಆಗಲಿ. ಆದರೆ ಒಂದು ಕೌದಿಗೆ ಒಂದೇ ಹೊಸತು. ಬೀಜ, ಗೊಬ್ಬರ, ಬಿತ್ತುವ ರೀತಿ ಮೂರನ್ನೂ ಒಂದೇ ವರ್ಷ ಬದಲಾಯಿಸಿದರೆ ಯಾವುದರಿಂದ ಬೆಳೆ ಬಂತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ. ಇಲ್ಲಿಯೂ ಹಾಗೆಯೇ.

ಮುಗಿದ ಪ್ರತಿಯೊಂದು ಗೇಣಿಗೂ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಕುಂಕುಮದ ಬೊಟ್ಟು ಇಡಿರಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಹೊಲಿಯಲು ಹೋಗಬೇಡಿರಿ, ಒಂದನ್ನೇ ಹೊಲಿಯಿರಿ. ತಪ್ಪಿದ ದಿನದ ಸಾಲವನ್ನು ತೀರಿಸಲು ಹೋದವರೇ ಅರ್ಧಕ್ಕೆ ಬಿಡುವವರು. ಹೊಲಿಗೆ ಸೊಟ್ಟಾದರೆ ಆ ಗೇಣು ಮುಗಿಯುವತನಕ ಬಿಚ್ಚಬೇಡಿರಿ. ಮುಗಿದ ಮೇಲೂ ಕಣ್ಣಿಗೆ ಚುಚ್ಚಿದರೆ ಬಿಚ್ಚಿರಿ. ಹತ್ತರಲ್ಲಿ ಎಂಟು ಸಲ ಬಿಚ್ಚಬೇಕೆನಿಸುವುದಿಲ್ಲವೆಂದು ನನಗೆ ತಾಯಂದಿರು ಹೇಳಿದ್ದಾರೆ.

ಬಟ್ಟೆಯ ಬಗ್ಗೆಯೂ ಎರಡು ಮಾತು. ಎಲ್ಲ ಬಟ್ಟೆಯನ್ನೂ ಮೊದಲು ಒಗೆದು ಒಣಗಿಸಿರಿ. ಕುಗ್ಗುವುದು ಮೊದಲೇ ಕುಗ್ಗಲಿ. ಕೆಂಪು, ಕಪ್ಪು ಬಟ್ಟೆಯನ್ನು ಬೇರೆ ನೆನೆಸಿ, ಬಣ್ಣ ಬಿಡುತ್ತದೆಯೇ ಎಂದು ನೋಡಿರಿ. ಎರಡು ಹೆಬ್ಬೆರಳಿನಿಂದ ಎಳೆದಾಗ ಪರ್ರನೆ ಹರಿಯುವ ಬಟ್ಟೆಯನ್ನು ಮೇಲೆ ಹಾಕದೆ ಒಳಪದರಕ್ಕೆ ಇಡಿರಿ.

ಇನ್ನು ಬೆಲೆಯ ಮಾತು. ನಾನು ಚಿಕ್ಕವನಿದ್ದಾಗ ನಮ್ಮವ್ವ ಹೊಲಿದ ಒಂದು ಕೌದಿಯನ್ನು ದಾರಿಯಲ್ಲಿ ಹೋಗುವವರೊಬ್ಬರು ನೋಡಿ ಮೆಚ್ಚಿ, ತಾವೇ ಒಂದು ಬೆಲೆ ಹೇಳಿ ಕೊಂಡೊಯ್ದರು. ಹಳೇ ಅರಿವೆಗೆ ಇಷ್ಟಾದರೂ ಬಂತಲ್ಲ ಎಂದು ನಮ್ಮವ್ವ ಸಂತೋಷಪಟ್ಟಳು. ಆಮೇಲೆ ದಾರದ ಉಂಡೆಯ ಖರ್ಚನ್ನೂ ತನ್ನ ದಿನಗಳನ್ನೂ ಬೆರಳಿನಲ್ಲಿ ಎಣಿಸಿ ಸುಮ್ಮನಾದಳು. ಮುಂದೆ ಬಹಳ ವರ್ಷ ಅವಳು ಸೂಜಿ ಹಿಡಿಯಲಿಲ್ಲ. ಅವಳ ಅಳುಕಿಗೆ ಕಾರಣ ಕೈಯಲ್ಲಿರಲಿಲ್ಲ, ಲೆಕ್ಕದಲ್ಲಿತ್ತು.

ಆದುದರಿಂದ ಮಾರುವವರು ಲೆಕ್ಕ ಕಲಿಯಬೇಕು. ದೊಡ್ಡ ಕೌದಿಗೆ 48 ತಾಸು. ದಿನಕ್ಕೆ ಎಂಟು ತಾಸಿನಂತೆ ಆರು ಆಳಿನ ಕೂಲಿ. ಅದಕ್ಕೆ ದಾರದ, ಸೂಜಿಯ, ಕೊಂಡ ಬಟ್ಟೆಯ ಖರ್ಚು ಸೇರಿಸಿರಿ. ಆ ಮೊತ್ತಕ್ಕಿಂತ ಕಡಿಮೆಗೆ ಕೊಟ್ಟರೆ ನಷ್ಟ. ನಿಮ್ಮ ಬಣ್ಣದ ಕಣ್ಣಿಗೆ, ಚಿತ್ರದ ಕಲ್ಪನೆಗೆ ಸಿಗಬೇಕಾದ ಬೆಲೆ ಅದರ ಮೇಲಿನದು. ಹಂಪಿಗೆ ಬರುವ ಪ್ರವಾಸಿಗಳು ನಮಗೆ ದೂರದವರಲ್ಲ; ಹಂಪಿ ಉತ್ಸವದಲ್ಲಿ ಕೈಕೆಲಸದ ಮಳಿಗೆಗಳನ್ನು ಹಾಕುತ್ತಾರೆ. ಸ್ವಸಹಾಯ ಸಂಘದವರು ನಾಲ್ಕಾರು ಮನೆಯ ಕೌದಿಗಳನ್ನು ಕೂಡಿಸಿಕೊಂಡು ಹೋದರೆ ಒಬ್ಬರಿಗಿಂತ ಹೆಚ್ಚು ಧೈರ್ಯ. ಮಾರಲೇಬೇಕೆಂದು ನಾನು ಹೇಳುತ್ತಿಲ್ಲ. ಮಗಳ ತೊಟ್ಟಿಲಿಗೆ ಹೋಗುವ ಕೌದಿಗೆ ಬೆಲೆ ಕಟ್ಟುವವರಾರು? ಆದರೆ ಮಾರುವುದಾದರೆ ತಿಳಿದು ಮಾರಿರಿ.

ಈಗ ಗಂಡಸರಿಗೆ. ದಿನಕ್ಕೊಂದು ತಾಸು ಎಂದೆನಲ್ಲ, ಆ ತಾಸು ಆಕಾಶದಿಂದ ಬೀಳುವುದಿಲ್ಲ. ದನಕ್ಕೆ ಮೇವು ಹಾಕುವುದು, ನೀರು ತರುವುದು, ಮಗುವನ್ನು ಎತ್ತಿಕೊಳ್ಳುವುದು, ಇವುಗಳಲ್ಲಿ ಒಂದನ್ನು ನೀವು ಮಾಡಿದರೆ ಆ ತಾಸು ಹುಟ್ಟುತ್ತದೆ. ಎರಡನೆಯದಾಗಿ, ಅರ್ಧಕ್ಕೆ ನಿಂತ ಕೆಲಸವನ್ನು ತೋರಿಸಿ ನಗಬೇಡಿರಿ. ನಿಮ್ಮ ಬಾವಿ ಅರ್ಧ ತೋಡಿ ನಿಂತಾಗ ಮನೆಯಾಕೆ ನಕ್ಕಿದ್ದಳೆ? "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಹಿರಿಯರು ಹೇಳಿದ್ದಾರೆ. ಆ ಹಾಸಿಗೆಯನ್ನು ಹೊಲಿದವರು ಯಾರೆಂದು ನಾವು ಗಂಡಸರು ಒಮ್ಮೆಯಾದರೂ ಕೇಳಬೇಕು.

ಬರಿ ಮಾತು ಹೇಳಬಾರದೆಂದು ನಾನೂ ಒಂದು ಗೇಣು ಹೊಲಿದು ನೋಡಿದೆ. ಒಂದು ತಾಸಿನ ಕೆಲಸಕ್ಕೆ ನನಗೆ ಮೂರು ಸಂಜೆ ಹಿಡಿಯಿತು. ಸಾಲುಗಳು ಕುಡಿದವನ ನೇಗಿಲ ಹಾಗೆ ಹೋಗಿವೆ. ಇದೋ, ತಂದಿದ್ದೇನೆ, ನೋಡಿ ಎಲ್ಲರೂ ನಗಬಹುದು. ಇನ್ನೊಂದು ಗೇಣು ಹೊಲಿಯುತ್ತೇನೆ. ಅದು ಇದಕ್ಕಿಂತ ನೆಟ್ಟಗಿದ್ದರೆ ನನಗೆ ಸಾಕು.

ಪೆಟ್ಟಿಗೆಯ ತಾಯಿಯ ಸುದ್ದಿ ಹೇಳಿ ಮುಗಿಸುತ್ತೇನೆ. ಅವರ ಮಗಳು ಹೆರಿಗೆಗೆ ತವರಿಗೆ ಬರುವವಳಿದ್ದಾಳೆ. ದೊಡ್ಡ ಕೌದಿಯನ್ನು ಅಲ್ಲಿಯೇ ಇರಿಸಿ, 16 ಗೇಣಿನ ತೊಟ್ಟಿಲ ಕೌದಿ ತೊಡಗಿದ್ದಾರೆ. ಹಳೆಯ ಪಂಚೆಯ ತುಂಡಿನಲ್ಲಿ ಬೇವಿನ ಮರವನ್ನು ಮೊದಲು ಮಾಡಿ ನೋಡಿದರು. ಎರಡು ಸಲ ಕೆಟ್ಟಿತು, ಮೂರನೆಯ ಸಲ ಮರವಾಯಿತು. ನಿನ್ನೆ ಹೋದಾಗ ಕ್ಯಾಲೆಂಡರಿನಲ್ಲಿ ಹನ್ನೊಂದು ಬೊಟ್ಟು ಎಣಿಸಿದೆ. ಯಜಮಾನರು ಕೊಟ್ಟಿಗೆಯಲ್ಲಿ ಮೇವು ಹಾಕುತ್ತಿದ್ದರು. ತಾಯಿಯ ಸೀರೆಗೆ ಇನ್ನೂ ಕತ್ತರಿ ಹಾಕಿಲ್ಲ. "ಸಂಕ್ರಾಂತಿ ಆಗಲಿ ತಮ್ಮಾ, ಆಮ್ಯಾಲೆ ಕತ್ತರಸ್ತೀನಿ. ಈಗ ಕೈಗೆ ಗೊತ್ತಾಗೈತಿ" ಎಂದರು.

ಸಂಕ್ರಾಂತಿಯ ಮರುದಿನ ಸಂಜೆ ಇದೇ ಜಾಗದಲ್ಲಿ ಮತ್ತೆ ಸೇರೋಣ. ಮುಗಿದ ಕೌದಿ ಇದ್ದವರು ಕೌದಿ ತನ್ನಿರಿ. ಮುಗಿಯದವರು ಮುಗಿದಷ್ಟು ಗೇಣು ತನ್ನಿರಿ. ಪೆಟ್ಟಿಗೆಯಲ್ಲಿ ಅರ್ಧಕ್ಕೆ ನಿಂತದ್ದು ಇದ್ದವರು ಅದನ್ನೂ ತನ್ನಿರಿ, ಸಂಕೋಚ ಬೇಡ. ಅಂದು ಬೀಜ ಗೊಬ್ಬರದ ಮಾತು ಆಡುವುದಿಲ್ಲವೆಂದು ಈಗಲೇ ಮಾತು ಕೊಡುತ್ತೇನೆ.